ಮೊಣಕಾಲೆತ್ತರದ ಕತ್ತರಿ ಗೀಟು

ಇದನ್ನ ನಂಬಿ ಅಂತ ನಾನು ಯಾರ ಕೈಕಾಲೂ ಹಿಡಿಯೋದಿಲ್ಲ. ನಂಬಿಕೆ ಬರದಿದ್ರೆ ಬನ್ನಿ, ನಮ್ಮ ಹಾಸ್ಟೆಲ್ಲಿನ ಮಾಳಿಗೆಯ ಬಾಗಿಲುಗಳನ್ನ ತೋರಿಸ್ತೇನೆ. ಎಷ್ಟು ತಿಕ್ಕಿ ತೊಳೆದ್ರೂ ಹಸಿರು ಎಣ್ಣೆಬಣ್ಣದ ಮೇಲೆ ಬೆಳ್ಳನೆ ಕಲೆ ಹಾಗೇ ಕೂತಿದೆ. ಕಣ್ಣಾರೆ ಕಂಡದ್ದು, ಈ ಬೆರಳಿಂದಲೇ ಮುಟ್ಟಿ ನೋಡಿದ್ದು.

ಇದರೊಳಗೆ ಒಂದು ಮಾತು ಮಾತ್ರ ಈವರೆಗೆ ಯಾರ ಹತ್ರವೂ ಹೇಳಿರ್ಲಿಲ್ಲ. ಇವತ್ತು ಅದನ್ನೂ ಹೇಳಿಬಿಡ್ತೇನೆ. ಒಳಗೇ ಇಟ್ಕೊಂಡು ಸಾಕಾಯ್ತು.

ನನ್ನ ಹೆಸರು ಮಂಗಲಾ ನಾಯ್ಕ. ಊರು ಕಾನಸೂರು ಹತ್ರ. ಶಿರಸಿ-ಯಲ್ಲಾಪುರ ನಡುವೆ ಕಾಡಂಚಿನಲ್ಲಿ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸು, ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನಾನು ಮೇಟ್ರನ್. ಕ್ಯಾಂಪಸ್ಸಿನ ಹೆಸರು ಬೇಡ, ಅನ್ನ ಕೊಡೋ ಜಾಗ.

ನನಗೆ ಹುಟ್ಟಾ ಅನುಮಾನದ ಬುದ್ಧಿ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಅಂತ ಲೆಕ್ಕ. ಹುಡುಗಿ ಹೊಟ್ಟೆನೋವು ಅಂದ್ರೆ ಯಾವ ಪರೀಕ್ಷೆ ಇದೆ ಅಂತ ಮೊದಲು ನೋಡ್ತೇನೆ. ಹುಡುಗಿಯರು ಹಿಂದಿನಿಂದ ನನ್ನನ್ನ 'ಸಿಸಿಟಿವಿ' ಅಂತಾರೆ. ಗೊತ್ತಿದೆ ನನಗೆ. ಅನ್ಲಿ ಬಿಡಿ, ಆ ಬುದ್ಧಿ ಇರೋದಕ್ಕೇ ಇಷ್ಟು ವರ್ಷ ಹಾಸ್ಟೆಲ್ಲು ನೆಟ್ಟಗೆ ನಡೆದದ್ದು.

ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಕಾಮತ್ ಸರ್ ಅಂತ ಸುರಕ್ಷಾ ಅಧಿಕಾರಿ ಬಂದ್ರು. ಒಳ್ಳೆ ಮನುಷ್ಯ, ಆದ್ರೆ ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು. ಬೆಂಕಿ ಬಿದ್ರೆ ಏನು ಮಾಡ್ಬೇಕು, ಗ್ಯಾಸ್ ಸೋರಿದ್ರೆ ಏನು, ಮರ ಬಿದ್ರೆ ಏನು... ಎಲ್ಲದಕ್ಕೂ ಒಂದೊಂದು ಹಾಳೆ ಬರೆದು ಗೋಡೆಗೆ ಅಂಟಿಸಿದ್ರು. ತಿಂಗಳ ಮೊದಲ ಶನಿವಾರ ಅಣಕು ಕಾರ್ಯಾಚರಣೆ. ಸೈರನ್ ಆದ ಕೂಡ್ಲೇ ಹುಡುಗಿಯರೆಲ್ಲ ಇಳಿದು ವಾಲಿಬಾಲ್ ಅಂಗಳದಲ್ಲಿ ಸೇರ್ಬೇಕು, ನಾನು ರಜಿಸ್ಟರ್ ಹಿಡಿದು ತಲೆ ಎಣಿಸ್ಬೇಕು.

ಅದಕ್ಕೂ ಮೊದಲು ಇನ್ನೊಂದು ಕೆಲಸ ನನ್ನದು. ಕೆಳಗೆ ಹನ್ನೆರಡು, ಮೇಲೆ ಹನ್ನೆರಡು, ಒಟ್ಟು ಇಪ್ಪತ್ನಾಲ್ಕು ಕೋಣೆ. ಪ್ರತಿ ಬಾಗಿಲನ್ನ ಮೂರು ಸಲ ತಟ್ಟಬೇಕು. 'ಒಳಗೆ ಯಾರಾದ್ರೂ ಇದ್ರಾ?' ಅಂತ ಕೂಗಬೇಕು. ತೆಗೆದು ಮಂಚದಡಿ, ಬಚ್ಚಲು ನೋಡಿ, ಖಾಲಿ ಇದ್ರೆ ಬಾಗಿಲು ಮುಚ್ಚಿ ಅದರ ಮೇಲೆ ಕತ್ತರಿ ಗೀಟು, ಅಂದ್ರೆ ಒಂದನ್ನೊಂದು ಅಡ್ಡ ಹಾಯೋ ಎರಡು ಗೆರೆ, ಎಳೀಬೇಕು. ಅದೂ ಮೊಣಕಾಲೆತ್ತರದಲ್ಲಿ, ಯಾಕಂದ್ರೆ ಹೊಗೆ ಮೇಲೆ ತುಂಬಿರ್ತದೆ, ಹುಡುಕೋರು ತೆವಳಿಕೊಂಡು ಬರ್ತಾರೆ.

ಕಾಮತ್ ಸರ್ ಒತ್ತಿ ಒತ್ತಿ ಹೇಳೋ ಮಾತು ಒಂದೇ. "ಮಂಗಲಕ್ಕ, ಗೀಟು ಬಿದ್ದ ಬಾಗಿಲಿಗೆ ಎರಡನೇ ಸಲ ಯಾರೂ ಹೋಗೋದಿಲ್ಲ. ನೆನಪಿರ್ಲಿ."

ನೆನಪೇನೋ ಇತ್ತು. ಆದ್ರೆ ನನ್ನ ಮೊಣಕಾಲು ನನ್ನ ಮಾತು ಕೇಳ್ಬೇಕಲ್ಲ. ಇಪ್ಪತ್ನಾಲ್ಕು ಸಲ ಬಗ್ಗಿ ಏಳೋದು ಅಂದ್ರೆ ರಾತ್ರಿಯೆಲ್ಲ ಎಣ್ಣೆ ತಿಕ್ಕಿಕೊಂಡು ಕೂರ್ಬೇಕು. ಅದಕ್ಕೆ ಒಂದು ಉಪಾಯ ಮಾಡ್ಕೊಂಡೆ. ಅಣಕು ಕಾರ್ಯಾಚರಣೆಯ ಹಿಂದಿನ ದಿನ ಮಧ್ಯಾಹ್ನ, ಹುಡುಗಿಯರು ಕ್ಲಾಸಿಗೆ ಹೋದ ಹೊತ್ತಿನಲ್ಲಿ, ಒಂದು ಮಣೆ ಹಾಕ್ಕೊಂಡು ಆರಾಮಾಗಿ ಎಲ್ಲ ಬಾಗಿಲಿಗೂ ಗೀಟು ಎಳೆದುಬಿಡೋದು. ಶನಿವಾರ ಸೈರನ್ ಆದಾಗ ರಜಿಸ್ಟರ್ ಹಿಡಿದು ನಾನೇ ಮೊದಲು ಅಂಗಳದಲ್ಲಿ. ಕಾಮತ್ ಸರ್ ಮೇಲೆ ಹೋಗಿ ಗೀಟು ಎಣಿಸಿ, ಗಡಿಯಾರ ನೋಡಿ, "ಶಾಭಾಸ್" ಅಂತಿದ್ರು. ನಾಚಿಕೆ ಆಗ್ತಿರ್ಲಿಲ್ವಾ ಅಂತ ಕೇಳ್ಬೇಡಿ. ಆಗ್ತಿರ್ಲಿಲ್ಲ.

ಇನ್ನೊಂದು ಎಡವಟ್ಟು ಮಾಡಿದ್ದೆ. ಆಫೀಸಿನಿಂದ ಕೊಟ್ಟ ಸೀಮೆಸುಣ್ಣ ಆ ಎಣ್ಣೆಬಣ್ಣದ ಮೇಲೆ ಹಿಡೀತಾನೇ ಇರ್ಲಿಲ್ಲ. ಅದಕ್ಕೆ ಊರಿಂದ ಒಂದು ಹೆಂಟೆ ಶೇಡಿ ತಂದೆ. ನಮ್ಮ ಕಡೆ ಹಬ್ಬಕ್ಕೆ ಗೋಡೆ, ಹೊಸ್ತಿಲಿಗೆ ಬರೆಯೋ ಬಿಳಿಮಣ್ಣು ಅದು. ತೆಂಗಿನ ಗೆರಟೆಯಲ್ಲಿ ನೀರು ಹಾಕಿ ಕಲಸಿ, ಬೆರಳದ್ದಿ ಎಳೆದ್ರೆ ಮೊದಲು ಬರೀ ಒದ್ದೆ ಕಾಣ್ತದೆ. ಆಮೇಲೆ ಆರುತ್ತ ಆರುತ್ತ ಬೆಳ್ಳಗಾಗ್ತದೆ. ಆರಿದ ಮೇಲೆ ಕೈಯಲ್ಲಿ ಉಜ್ಜಿದ್ರೆ ಹೋಗೋದಿಲ್ಲ, ಒದ್ದೆ ಬಟ್ಟೆ ಹಾಕಿ ತಿಕ್ಕಲೇಬೇಕು. ಕಾರ್ಯಾಚರಣೆ ಮುಗಿದ ಮೇಲೆ ತೊಳೆದುಬಿಡ್ಬೇಕು ಅಂದ್ಕೊಳ್ತಿದ್ದೆ... ನಾಳೆ, ನಾಡಿದ್ದು ಅಂತ ದಿನ ಹೋಗ್ತಿತ್ತು.

ಮತ್ತೆ ನನ್ನ ಗೀಟಿಗೊಂದು ಗುರುತಿತ್ತು. ಸಣ್ಣವಳಿದ್ದಾಗ ಗದ್ದೆ ಕೊಯ್ಲಿನಲ್ಲಿ ಕತ್ತಿ ತಾಗಿ ಬಲಗೈ ತೋರುಬೆರಳ ತುದಿ ಸೀಳಿತ್ತು. ಆ ಸೀಳು ಕೂಡಿಕೊಳ್ಳಲೇ ಇಲ್ಲ. ಹಾಗಾಗಿ ನಾನು ಬೆರಳಲ್ಲಿ ಎಳೆದ ಗೆರೆಯ ನಡುವೆ ಕೂದಲೆಳೆಯಷ್ಟು ಖಾಲಿ ಜಾಗ ಉಳೀತದೆ.

ಇನ್ನು ಆ ರಾತ್ರಿ.

ಮಾರ್ಚ್ ತಿಂಗಳು. ಎರಡು ದಿನ ರಜೆ ಒಟ್ಟಿಗೆ ಬಂದಿತ್ತು, ಹದಿನೈದು ಹುಡುಗಿಯರು ಮನೆಗೆ ಹೋಗ್ತೇವೆ ಅಂತ ರಜಿಸ್ಟರಿನಲ್ಲಿ ಸಹಿ ಹಾಕಿ ಹೋಗಿದ್ರು. ಉಳಿದವರು ನಲವತ್ತೊಂದು. ಊಟ ಮುಗಿದು ಒಂಬತ್ತು ಗಂಟೆ ಆಗಿರ್ಬಹುದು. ಪಾತ್ರೆ ಸದ್ದು ನಿಂತು, ಹುಡುಗಿಯರು ಕಾರಿಡಾರಿನಲ್ಲಿ ಫೋನು ಹಿಡಿದು ಓಡಾಡ್ತಿದ್ದ ಹೊತ್ತು.

ಮೊದಲು ವಾಸನೆ ಬಂತು. ಕಹಿ, ಗಂಟಲಿಗೆ ಹಿಡಿಯೋ ವಾಸನೆ. ಹಾಸ್ಟೆಲ್ಲಿನ ಹಿಂದೆ ಅಕೇಶಿಯಾ ನೆಡುತೋಪು, ಕೆಳಗೆ ಮೊಣಕಾಲು ಮುಚ್ಚುವಷ್ಟು ಒಣ ಎಲೆ. ಅಡುಗೆಮನೆ ಹಿತ್ತಲಿಗೆ ಹೋಗಿ ನೋಡ್ತೇನೆ... ತೋಪಿನುದ್ದಕ್ಕೂ ನೆಲದ ಮೇಲೆ ಕೆಂಪು ಗೆರೆ, ನಮ್ಮ ಕಡೆಗೇ ಬರ್ತಾ ಇದೆ. ಚಟಪಟ ಚಟಪಟ ಸದ್ದು. ಆ ಗೆರೆಗೂ ನಮ್ಮ ಗ್ಯಾಸ್ ಸಿಲಿಂಡರಿನ ಶೆಡ್ಡಿಗೂ ನಡುವೆ ಒಂದು ಬಟ್ಟೆ ಒಣಗಿಸೋ ಅಂಗಳ ಅಷ್ಟೇ.

ಸೈರನ್ ಒತ್ತಿದೆ. ಮೇನ್ ಸ್ವಿಚ್ ಆಫ್ ಮಾಡಿದೆ, ಹಾಳೆಯಲ್ಲಿ ಹಾಗೇ ಬರೆದಿತ್ತು. ಕತ್ತಲಾಯ್ತು. ಹುಡುಗಿಯರು ದಬದಬ ಇಳಿದು ಬಂದ್ರು, ಯಾರೂ ಚೀರಲಿಲ್ಲ, ಅಷ್ಟು ತಿಂಗಳ ಅಭ್ಯಾಸ ನೋಡಿ. ಬಾಗಿಲ ಬುಡದಲ್ಲಿ ನಿಂತು ಒಬ್ಬೊಬ್ಬರನ್ನೇ ಹೊರಗೆ ದೂಡಿದೆ.

ಆಮೇಲೆ ನಾನು ಮೇಲೆ ಹೋಗ್ಬೇಕಿತ್ತು. ಹೋಗಲಿಲ್ಲ. ಮೆಟ್ಟಿಲ ಮೇಲೆ ಹೊಗೆ ಇಳೀತಿತ್ತು, ಮೊಣಕಾಲು ಬೇರೆ. ಎಲ್ಲರೂ ಬಂದಿರ್ತಾರೆ ಅಂದ್ಕೊಂಡು ರಜಿಸ್ಟರ್ ಎತ್ತಿಕೊಂಡು ಅಂಗಳಕ್ಕೆ ನಡೆದೆ.

ರೇಷ್ಮಾ ಅಂತ ಯಲ್ಲಾಪುರದ ಹುಡುಗಿ, ಮೇಲಿನ ಸಾಲಿನ ಮುಂದಾಳು. ಅವಳು ಟಾರ್ಚ್ ಹಿಡಿದಳು, ನಾನು ಎಣಿಸಿದೆ. ನಲವತ್ತೊಂದು. ಅವಳ ಕೈಯಲ್ಲೂ ಎಣಿಸಿಸಿದೆ. ನಲವತ್ತೊಂದೇ. ಅಬ್ಬಾ ಅನ್ನಿಸ್ತು.

ಅಷ್ಟರಲ್ಲಿ ವಾಚ್‌ಮನ್ ಬಸಪ್ಪ ಓಡಿ ಬಂದ. ಬನವಾಸಿ ಕಡೆಯವನು, ಕೆಲಸದಲ್ಲಿ ಮೋಸ ಇಲ್ಲ. ಬಾಯಿಗೆ ಒದ್ದೆ ಟವೆಲ್ ಕಟ್ಟಿಕೊಂಡಿದ್ದ. ನಾನು ಹೇಳದೇನೇ ಮೇಲೆ ಹೋಗಿ ಬಂದಿದ್ದ ಪುಣ್ಯಾತ್ಮ.

"ಅಕ್ಕಾರ, ಮ್ಯಾಲ ಎಲ್ಲಾ ಖಾಲಿ ಐತ್ರಿ. ಕಡೀ ಬಾಗಲತನಾ ಹೋಗಿ ಬಂದೆ. ಎಲ್ಲಾದಕ್ಕೂ ನೀವು ಗೀಟು ಹಾಕೀರಲ್ರಿ, ಅದಕ್ಕ ಒಂದೂ ತಗೀಲಿಲ್ಲ."

ಅವನು ನೋಡಿ ಬಂದದ್ದು ಕಳೆದ ಶುಕ್ರವಾರ ಮಧ್ಯಾಹ್ನ ನಾನು ಮಣೆ ಮೇಲೆ ಕೂತು ಎಳೆದು, ಆಮೇಲೆ ತೊಳೆಯದೇ ಬಿಟ್ಟ ಗೀಟು.

ಬಾಯಿ ಬಿಟ್ಟು ಹೇಳ್ಬಹುದಿತ್ತು. ಆಗ್ಲೇ ಕಾಮತ್ ಸರ್ ಸ್ಕೂಟರ್ ಬಿಟ್ಟು ಓಡಿ ಬಂದ್ರು. ಅವರ ಹಿಂದೆ ಅಗ್ನಿಶಾಮಕದವರ ಗಾಡಿ ಗೇಟಿಗೆ ಬಂದು ನಿಂತಿತ್ತು. ಎಲ್ಲರ ಎದುರಿಗೆ ಕೇಳಿದ್ರು. "ಮಂಗಲಕ್ಕ, ಕೋಣೆಗಳನ್ನೆಲ್ಲ ನೀವೇ ಸ್ವತಃ ನೋಡಿದ್ದು ಹೌದಲ್ಲ? ನೀವು ಹೌದು ಅಂದ್ರೆ ಗಾಡಿಯನ್ನ ಸಿಲಿಂಡರ್ ಕಡೆ ಕಳಿಸ್ತೇನೆ."

"ಹೌದು ಸರ್. ಇಪ್ಪತ್ನಾಲ್ಕೂ ಖಾಲಿ."

ಇದೇ ನಾನು ಈವರೆಗೆ ಹೇಳದೇ ಇದ್ದ ಮಾತು. ಒಂದು ಕಟ್ಟಡದಲ್ಲಿ ಜನ ಇಲ್ಲ ಅಂತ, ನೋಡದೇ ಹೇಳಿಬಿಟ್ಟೆ. ಗಾಡಿ ಹಾಸ್ಟೆಲ್ಲನ್ನ ಬಿಟ್ಟು ಶೆಡ್ಡಿನ ಕಡೆ ತಿರುಗಿತು. ಬಸಪ್ಪ, ಕಾಮತ್ ಸರ್, ಗಂಡುಮಕ್ಕಳ ಹಾಸ್ಟೆಲ್ಲಿನವರು ಎಲ್ಲ ಹಸಿ ಸೊಪ್ಪು ಮುರಿದುಕೊಂಡು ಬೆಂಕಿ ಬಡಿಯೋಕೆ ಹಿತ್ತಲಿಗೆ ಓಡಿದ್ರು. ಅಂಗಳದಲ್ಲಿ ನಾನು, ನಲವತ್ತೊಂದು ಹುಡುಗಿಯರು, ಎದುರಿಗೆ ಕತ್ತಲೆ ಕಟ್ಟಡ.

ಲೆಕ್ಕ ಸರಿ ಇದೆಯಲ್ಲ ಅಂತ ನನಗೆ ನಾನೇ ಹೇಳ್ಕೊಳ್ತಾ ನಿಂತಿದ್ದೆ.

ರೇಷ್ಮಾ ನನ್ನ ಸೆರಗು ಎಳೆದಳು. "ಆಂಟಿ... ಮೇಲೆ ಯಾರೋ ಇದ್ದಾರೆ."

ಮಾಳಿಗೆಯ ಕಾರಿಡಾರಿಗೆ ತೂತಿಟ್ಟಿಗೆಯ ಗೋಡೆ. ಆ ತೂತುಗಳ ಹಿಂದೆ ಒಂದು ಸಣ್ಣ ಹಳದಿ ಬೆಳಕು. ಯಾರಾದ್ರೂ ಟಾರ್ಚ್ ಹಿಡಿದು ನಡೆಯೋ ಎತ್ತರದಲ್ಲಿ ಅಲ್ಲ. ಬಹಳ ಕೆಳಗೆ. ಮೊಣಕಾಲೆತ್ತರದಲ್ಲಿ.

ಒಂದು ಬಾಗಿಲ ಹತ್ರ ನಿಂತಿತು... ಅಲ್ಲೇ ಇತ್ತು... ಮುಂದೆ ಹೋಯ್ತು. ಮತ್ತೊಂದು ಬಾಗಿಲು... ಅಷ್ಟೇ ಹೊತ್ತು ನಿಂತಿತು... ಮುಂದೆ ಹೋಯ್ತು. ಗಡಿಬಿಡಿ ಇಲ್ಲ. ಒಂದನ್ನೂ ಬಿಡ್ತಾ ಇಲ್ಲ.

ಹುಡುಗಿಯರನ್ನ ಮತ್ತೆ ಎಣಿಸಿದೆ. ನಲವತ್ತೊಂದು. ಬಸಪ್ಪನ ದನಿ ಹಿತ್ತಲಿನಿಂದ ಕೇಳ್ತಿತ್ತು, ಕಾಮತ್ ಸರ್ ಸೀಟಿಯೂ ಅಲ್ಲಿಂದಲೇ. ಹಾಗಾದ್ರೆ ಇದು ಯಾರು?

ನನ್ನ ಬುದ್ಧಿ ಎಲ್ಲಿಗೆ ಹೋಗ್ತದೆ ಹೇಳಿ? ಕಳ್ಳ. ಬಾಗಿಲಿಗೆ ಬೀಗ ಹಾಕದೇ ಇಳೀಬೇಕು ಅಂತ ನಿಯಮ, ಒಳಗೆ ಲ್ಯಾಪ್‌ಟಾಪು, ಬಂಗಾರದ ಕಿವಿಯೋಲೆ, ಎಲ್ಲ ಬಿದ್ದಿವೆ. ಬೆಂಕಿ ಹಾಕಿದವನೇ ಮೇಲೆ ಹತ್ತಿರ್ಬೇಕು ಅಂತ ತೀರ್ಮಾನ ಮಾಡಿದೆ. ಭಯಕ್ಕಿಂತ ಸಿಟ್ಟು ಬಂತು. ಹುಡುಗಿಯರನ್ನ ರೇಷ್ಮಾಳಿಗೆ ಒಪ್ಪಿಸಿ, ಸೆರಗು ನೀರಲ್ಲದ್ದಿ ಮೂಗಿಗೆ ಕಟ್ಟಿ, ಟಾರ್ಚ್ ಹಿಡಿದು ಮೆಟ್ಟಿಲು ಹತ್ತಿದೆ. ಮೊಣಕಾಲು ನೋವು ಆಗ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಮೇಲೆ ಹೊಗೆ ಸೂರಿನಿಂದ ಎದೆಮಟ್ಟಕ್ಕೆ ಇಳಿದಿತ್ತು. ಕೋಣೆಗಳ ಹಿಂದಿನ ಕಿಟಕಿಯಿಂದ ನುಗ್ಗಿ ಬಾಗಿಲ ಸಂದಿಯಲ್ಲಿ ಬರ್ತಾ ಇತ್ತು. ನಿಂತು ಹೋಗೋಕಾಗಲಿಲ್ಲ. ನಾಲ್ಕು ಕಾಲಲ್ಲಿ ತೆವಳಿದೆ.

ಆಗ ಇನ್ನೊಂದು ವಾಸನೆ ಬಂತು. ಹೊಗೆಯ ನಡುವೆ, ತಣ್ಣಗೆ... ಒದ್ದೆ ಮಣ್ಣಿನ ವಾಸನೆ. ಹಬ್ಬದ ಹಿಂದಿನ ದಿನ ನಮ್ಮ ಅಮ್ಮ ಗೋಡೆ ಬಳಿಯೋವಾಗ ಬರ್ತಿತ್ತಲ್ಲ, ಅದೇ ವಾಸನೆ.

ಹದಿಮೂರನೇ ನಂಬರಿನ ಬಾಗಿಲಿಗೆ ಟಾರ್ಚ್ ಹಾಕಿದೆ. ನನ್ನ ಹಳೇ ಗೀಟು ಇರ್ಲಿಲ್ಲ. ಆ ಜಾಗ ಒರೆಸಿ ಒದ್ದೆ ಆಗಿತ್ತು. ಆ ಒದ್ದೆಯ ಮೇಲೆ ಇನ್ನೊಂದು ಗೀಟು, ಆರುತ್ತಾ ಇತ್ತು. ಅಂಚು ಬೆಳ್ಳಗಾಗಿ ನಡು ಇನ್ನೂ ಬೂದು. ಹದಿನಾಲ್ಕು... ಅಲ್ಲೂ ಹಾಗೇ. ಹದಿನೈದು, ಹದಿನಾರು... ಮುಂದೆ ಹೋದಂತೆ ಬಿಳಿ ಕಡಿಮೆ, ಒದ್ದೆ ಜಾಸ್ತಿ. ಇಪ್ಪತ್ತನೇ ಬಾಗಿಲ ಗೀಟು ಬರೀ ನೀರಿನ ಗೆರೆ ಹಾಗೆ ಕಾಣ್ತಿತ್ತು. ಎಳೆದವರು ನನಗಿಂತ ನಾಲ್ಕೇ ಹೆಜ್ಜೆ ಮುಂದೆ ಇದ್ದಾರೆ ಅಂತಾಯ್ತಲ್ಲ?

ಟಾರ್ಚ್ ಎತ್ತಿ ಕಾರಿಡಾರಿನ ಕೊನೆಗೆ ಹಾಕಿದೆ. ಹೊಗೆ ಬಿಟ್ಟು ಏನೂ ಕಾಣಲಿಲ್ಲ. ಆ ತುದಿಯಲ್ಲಿ ಮೆಟ್ಟಿಲಿಲ್ಲ, ಗೋಡೆ. ಇಳಿಯೋಕೆ ಇರೋದು ನಾನು ಬಂದ ದಾರಿ ಒಂದೇ.

"ಯಾರದು?" ಅಂದೆ.

ಬಟ್ಟೆ ಹಿಂಡಿದ ಸದ್ದು. ನೀರು ತೊಟತೊಟ ಬಿದ್ದ ಸದ್ದು. ಆಮೇಲೆ...

ಟಕ್. ಟಕ್. ಟಕ್.

ವಾಪಸ್ ಓಡಬೇಕು ಅಂತ ಪೂರಾ ಮೈ ಹೇಳ್ತಿತ್ತು. ಆದ್ರೆ ಆ ಮೂರು ಸದ್ದು ಕೇಳಿದ ಮೇಲೆ ಕಳ್ಳ ಅನ್ನೋ ಯೋಚನೆ ಹೋಗಿಬಿಟ್ಟಿತ್ತು. ಕಳ್ಳ ಬಾಗಿಲು ತಟ್ತಾನಾ? ತೆವಳ್ತಾ ಹೋದೆ. ಇಪ್ಪತ್ತೊಂದು, ಇಪ್ಪತ್ತೆರಡು. ಇಪ್ಪತ್ಮೂರರ ಗೀಟಿನಿಂದ ಶೇಡಿ ನೀರು ಇನ್ನೂ ಇಳೀತಿತ್ತು.

ಕೊನೆಯದು ಇಪ್ಪತ್ನಾಲ್ಕು. ಅದರ ಮೇಲಿನ ನನ್ನ ಗೀಟನ್ನೂ ಒರೆಸಿ ತೆಗೆದಾಗಿತ್ತು. ಆದ್ರೆ ಅದರ ಮೇಲೆ ಹೊಸ ಗೀಟು ಇರ್ಲಿಲ್ಲ. ಟಾರ್ಚ್ ಮೂಗಿಗೆ ತಾಗುವಷ್ಟು ಹತ್ರ ಹಿಡಿದು ನೋಡಿದೆ, ಆರಿದ ಮೇಲಾದ್ರೂ ಮೂಡ್ತದಾ ಅಂತ. ಬರೀ ಹಸಿರು ಬಣ್ಣ, ನೀರು.

ಗೀಟು ಇಲ್ಲ ಅಂದ್ರೆ ಒಳಗೆ ಜನ ಇದ್ದಾರೆ.

ಬಾಗಿಲು ದೂಡಿದೆ. ಚಿಲಕ ಹಾಕಿರ್ಲಿಲ್ಲ. ಒಂದು ಗೇಣು ತೆರೆದು ಏನಕ್ಕೋ ತಾಗಿ ನಿಂತಿತು. ಕೈ ಹಾಕಿದೆ. ಕೂದಲು... ಬಿಸಿ ಹಣೆ. ಒಬ್ಬಳು ಹುಡುಗಿ ನೆಲಕ್ಕೆ ಮುಖ ಒತ್ತಿ, ಬಾಗಿಲ ಕೆಳಗಿನ ಸಂದಿಗೆ ಮೂಗು ಇಟ್ಟು ಮಲಗಿದ್ದಳು.

ಪಲ್ಲವಿ. ದೊಡ್ಮನೆ ಊರಿನ ಹುಡುಗಿ. ಅವತ್ತು ಮಧ್ಯಾಹ್ನ ಮನೆಗೆ ಹೋಗ್ತೇನೆ ಅಂತ ನನ್ನೆದುರೇ ಸಹಿ ಹಾಕಿದವಳು.

ತುಟಿ ಅಲ್ಲಾಡ್ತಿತ್ತು. ಕಿವಿ ಹತ್ರ ಇಟ್ಟೆ. "ಆನು ಇಲ್ಲಿದ್ದಿ... ಆನು ಇಲ್ಲಿದ್ದಿ..." ಅಂತಿದ್ದಳು. ಅವರ ಮನೆಮಾತು ಅದು. ನಾನು ಇಲ್ಲೇ ಇದ್ದೇನೆ ಅಂತ.

ಮಂಚದ ಮೇಲಿನ ಹೊದಿಕೆ ಎಳೆದು, ಅದರ ಮೇಲೆ ಅವಳನ್ನ ಉರುಳಿಸಿ, ಹಿಂದಕ್ಕೆ ತೆವಳ್ತಾ ಎಳೆದುಕೊಂಡು ಬಂದೆ. ದೇವರನ್ನ ಕರೆದೆನೋ, ನಮ್ಮ ಅಮ್ಮನನ್ನ ಕರೆದೆನೋ, ಒಂದೂ ನೆನಪಿಲ್ಲ. ಮೆಟ್ಟಿಲ ಬಾಯಿಗೆ ಬಂದಾಗ ಬಸಪ್ಪ ಕೆಳಗಿನಿಂದ ಹತ್ತಿ ಬರ್ತಿದ್ದ, ರೇಷ್ಮಾ ಅವನನ್ನ ಕೂಗಿ ಕಳಿಸಿದ್ದಳು. ಅವನು ಹುಡುಗಿಯನ್ನ ಹೆಗಲಿಗೆ ಹಾಕ್ಕೊಂಡು ಇಳಿದ.

ಬೆಂಕಿ ಬಟ್ಟೆ ಒಣಗಿಸೋ ಅಂಗಳದ ಅಂಚಿಗೆ ಬಂದು ನಿಂತಿತ್ತು, ಅಲ್ಲೇ ಬಡಿದು ಆರಿಸಿದ್ರು. ಪಲ್ಲವಿಯನ್ನ ಶಿರಸಿ ಆಸ್ಪತ್ರೆಗೆ ಹಾಕಿದ್ರು. ಇನ್ನೊಂದು ಹತ್ತು ನಿಮಿಷ ತಡವಾಗಿದ್ರೆ ಹೇಳೋಕಾಗ್ತಿರ್ಲಿಲ್ಲ ಅಂದ್ರು ಡಾಕ್ಟರು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಜನ ಸಂತೋಷಕ್ಕೆ ಅಂದ್ಕೊಂಡ್ರು.

ಬೆಳಗಾದ ಮೇಲೆ ಹಾಸ್ಟೆಲ್ಲಿಗೆ ಬಂದು ಮೊದಲು ಮಾಡಿದ ಕೆಲಸ ಬಾಗಿಲು ನೋಡಿದ್ದು. ಕೆಳಗಿನ ಹನ್ನೆರಡು, ಮೇಲಿನ ಹನ್ನೊಂದು. ಇಪ್ಪತ್ಮೂರು ಗೀಟೂ ಹೊಸವು, ಮಲ್ಲಿಗೆ ಹಾಗೆ ಬೆಳ್ಳಗೆ ಆರಿ ಕೂತಿದ್ವು. ಹತ್ರ ಹೋಗಿ ನೋಡಿದೆ. ಪ್ರತಿ ಗೆರೆಯ ನಡುವೆ ಕೂದಲೆಳೆಯಷ್ಟು ಸೀಳು ಇತ್ತು.

ಶೇಡಿ ನನ್ನ ಕೋಣೆಯ ಕಪಾಟಿನಲ್ಲಿ, ಬೀಗದೊಳಗೆ. ಬೀಗದ ಕೈ ನನ್ನ ಸೊಂಟದಲ್ಲಿ. ತೆಗೆದು ನೋಡಿದ್ರೆ ಹೆಂಟೆ ಅರ್ಧ ಆಗಿದೆ, ಗೆರಟೆ ಒದ್ದೆ ಇದೆ.

ಬಿಡ್ತೇನಾ ನಾನು? ಮೊದಲು ಬಸಪ್ಪನನ್ನ ಹಿಡಿದೆ. ಅವನು ಬನವಾಸಿ ದೇವರ ಮೇಲೆ ಆಣೆ ಹಾಕಿದ, ತಾನು ಹೋದಾಗ ಇಪ್ಪತ್ನಾಲ್ಕಕ್ಕೂ ಗೀಟಿತ್ತು, ಒಣಗಿದ್ದೇ ಇತ್ತು ಅಂತ. ರೇಷ್ಮಾಳನ್ನ ಕೂರಿಸಿ ಕೇಳಿದೆ, ಅವಳು ಹೆದರಿ ಅತ್ತಳು. ಕಸ ಗುಡಿಸೋ ಹೆಂಗಸು ಆ ದಿನ ಬಂದೇ ಇರ್ಲಿಲ್ಲ. ಕಾಮತ್ ಸರ್ ಮೇಲೂ ಅನುಮಾನ ಬಂತು, ನನ್ನ ಕಳ್ಳಾಟ ಗೊತ್ತಾಗಿ ಪರೀಕ್ಷೆ ಮಾಡಿದ್ರಾ ಅಂತ. ಆದ್ರೆ ಅವರು ಹಿತ್ತಲಲ್ಲಿ ಬೆಂಕಿ ಬಡೀತಿದ್ದದ್ದನ್ನ ಮೂವತ್ತು ಜನ ನೋಡಿದ್ರು. ಒಬ್ಬೊಬ್ಬರಾಗಿ ಎಲ್ಲರ ಹೆಸರೂ ಬಿಟ್ಟು ಹೋಯ್ತು, ಅನುಮಾನ ಮಾತ್ರ ನನ್ನ ಹತ್ರ ಉಳೀತು.

ಮೂರನೇ ದಿನ ಪಲ್ಲವಿ ಮಾತಾಡುವಂತಾದಳು. ಆವತ್ತು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಪ್ಪಿತಂತೆ. ಮೈಯಲ್ಲಿ ಜ್ವರ ಇತ್ತು, ವಾಪಸ್ ಬಂದಳು. ಸಹಿ ಹಾಕಿ ಹೋದವಳು ಯಾಕೆ ಬಂದೆ, ಎಲ್ಲಿ ಸುತ್ತಿ ಬಂದೆ ಅಂತ ನಾನು ಬೈತೇನೆ ಅಂತ ಹೆದರಿ, ಸುಮ್ಮನೆ ಒಳಗೆ ಹೋಗಿ ಚಿಲಕ ಹಾಕಿ, ಮಾತ್ರೆ ನುಂಗಿ ಮಲಗಿದ್ದಳು. ಸೈರನ್ ಕೇಳಲೇ ಇಲ್ಲವಂತೆ. ನನ್ನ ಬಾಯಿಗೆ ಹೆದರಿ ಒಂದು ಜೀವ ಹೋಗ್ತಿತ್ತು.

"ಮತ್ತೆ ಹೇಗೆ ಎಚ್ಚರ ಆಯ್ತೇ?" ಅಂದೆ.

ಅವಳು ನನ್ನನ್ನ ವಿಚಿತ್ರವಾಗಿ ನೋಡಿದಳು. "ನೀವೇ ಅಲ್ದಾ ಆಂಟಿ ಎಬ್ಬಿಸಿದ್ದು? ಮೂರು ಸಲ ತಟ್ಟಿ, ಒಳಗೆ ಯಾರಾದ್ರೂ ಇದ್ರಾ ಅಂದ್ರಿ. ಇದ್ದೇನೆ ಅಂದೆ. ಚಿಲಕ ತೆಗಿ, ನೆಲಕ್ಕೆ ಮಲಗು, ಸಂದಿಗೆ ಮೂಗು ಇಡು, ಬರ್ತೇನೆ ಅಂದ್ರಿ. ಮಲಗಿದ ಮೇಲೆ ಮತ್ತೆ ಮೂರು ಸಲ ತಟ್ಟಿದ್ರಿ. ಸ್ವಲ್ಪ ಹೊತ್ತಿಗೆ ಬಾಗಿಲು ದೂಡಿದ್ರಿ."

ಬಾಗಿಲು ದೂಡಿದ್ದು ನಾನು. ಅದಕ್ಕೆ ಮುಂಚಿನದ್ದು ಯಾವುದೂ ನಾನಲ್ಲ. ಆದ್ರೆ ಅವಳ ಎದುರು ಹೌದು ಅಂತ ತಲೆ ಅಲ್ಲಾಡಿಸಿ ಎದ್ದು ಬಂದೆ.

ಆಮೇಲೆ ನನಗೆ ಕ್ಯಾಂಪಸ್ಸಿನಲ್ಲಿ ಸನ್ಮಾನ ಆಯ್ತು. ಶಾಲು ಹೊದಿಸಿದ್ರು. ಖಾಲಿ ಅಂದ ಮೇಲೂ ಮತ್ತೊಮ್ಮೆ ಹತ್ತಿ ಹೋಗಿ, ಲೆಕ್ಕದಲ್ಲೇ ಇಲ್ಲದ ಹುಡುಗಿಯನ್ನ ಹುಡುಕಿ ತೆಗೆದ್ರು ಅಂತ ಕಾಮತ್ ಸರ್ ನನ್ನ ಗೀಟುಗಳ ಫೋಟೋ ತೆಗೆದು ದೊಡ್ಡದಾಗಿ ತೋರಿಸಿ ಭಾಷಣ ಮಾಡಿದ್ರು. ಕೈಮುಗಿದು ಕೂತೆ. ನಿಜ ಹೇಳೋಕೆ ಅದಕ್ಕಿಂತ ಒಳ್ಳೆ ಹೊತ್ತು ಇರ್ಲಿಲ್ಲ, ಹೇಳಲಿಲ್ಲ.

ಪಲ್ಲವಿ ಅಪ್ಪ-ಅಮ್ಮ ಮಗಳು ಉಳಿದದ್ದಕ್ಕೆ ಚಂದಗುಳಿಯ ಗಂಟೆ ಗಣಪತಿಗೆ ಗಂಟೆ ಹರಕೆ ಹೇಳ್ಕೊಂಡಿದ್ರು. ನನ್ನನ್ನೂ ಕರೆದುಕೊಂಡು ಹೋದ್ರು. ಕಟ್ಟೋ ಹೊತ್ತಿಗೆ ಆ ತಾಯಿ ಗಂಟೆಯನ್ನ ನನ್ನ ಕೈಗೆ ಕೊಟ್ಟು, "ನೀವೇ ಕಟ್ಟಿ ಅಕ್ಕ, ಮಗಳನ್ನ ಎಳೆದು ತಂದ ಕೈ ಇದು" ಅಂದ್ರು. ಕಣ್ಣಲ್ಲಿ ನೀರಿತ್ತು ಅವರಿಗೆ. ನಾನು ಬೇಡ ಅನ್ನಲಿಲ್ಲ. ಈ ಸೀಳು ಬೆರಳಿಂದಲೇ ದಾರ ಬಿಗಿದು ಕಟ್ಟಿದೆ.

ಅವತ್ತು ರಾತ್ರಿ ಬೇಗ ಮಲಗಿದೆ, ಮೈ ಸೋತಿತ್ತು. ಕಣ್ಣು ಹತ್ತಿತ್ತೋ ಇಲ್ಲವೋ...

ಟಕ್. ಟಕ್. ಟಕ್.

ನನ್ನ ಕೋಣೆ ಬಾಗಿಲು. ಮಲಗಿದಲ್ಲೇ ಕಿವಿ ಕೊಟ್ಟೆ.

"ಒಳಗೆ ಯಾರಾದ್ರೂ ಇದ್ರಾ?"

ಹುಡುಗಿಯರ ಕಿತಾಪತಿ ಅಂದ್ಕೊಂಡೆ. ಸನ್ಮಾನ ಆದಾಗಿಂದ ನನ್ನನ್ನ ಆಡಿಸ್ತಾ ಇದ್ರು, ಯಾರೋ ನನ್ನ ದನಿ ಅಣಕ ಮಾಡ್ತಿದ್ದಾಳೆ, ಬಾಗಿಲು ತೆಗೆದ್ರೆ ಕಿಸಕ್ಕಂತ ನಗ್ತಾರೆ ಅಂತ. ನನ್ನ ಹಾಳು ಅನುಮಾನ! ಉತ್ತರ ಕೊಡದೆ ಉಸಿರು ಹಿಡಿದು ಸುಮ್ಮನೆ ಬಿದ್ದುಕೊಂಡೆ. ಬಾಗಿಲ ಕೆಳಗಿನ ಸಂದಿಯಲ್ಲಿ ಹಳದಿ ಬೆಳಕು ಸ್ವಲ್ಪ ಹೊತ್ತು ನಿಂತಿತ್ತು... ಆಮೇಲೆ ಸರಿದು ಹೋಯ್ತು.

ನಗು ಕೇಳಲಿಲ್ಲ. ಹೆಜ್ಜೆ ಸದ್ದೂ ಕೇಳಲಿಲ್ಲ. ಒದ್ದೆ ಮಣ್ಣಿನ ವಾಸನೆ ಮಾತ್ರ ಒಳಗೆ ಬಂತು.

ಎದ್ದು ಬಾಗಿಲು ತೆಗೆದೆ. ಕಾರಿಡಾರ್ ಖಾಲಿ. ಬಾಗಿಲ ಹೊರಮೈಗೆ ಟಾರ್ಚ್ ಹಾಕಿದೆ. ಮೊಣಕಾಲೆತ್ತರದಲ್ಲಿ ಎರಡು ಒದ್ದೆ ಗೆರೆ, ಒಂದರ ಮೇಲೊಂದು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡ್ತಾ ಇದ್ದ ಹಾಗೇ, ಅಂಚಿನಿಂದ ನಡುವಿಗೆ, ನಿಧಾನಕ್ಕೆ ಬೆಳ್ಳಗಾಯ್ತು. ನಡುವೆ ಕೂದಲೆಳೆಯಷ್ಟು ಸೀಳು ಬಿಟ್ಟು.

'ನೋಡಿದೆ, ಒಳಗೆ ಯಾರೂ ಇಲ್ಲ.' ಆ ಗೀಟಿನ ಅರ್ಥ ಅದು. ನಾನು ಒಳಗೇ ಇದ್ದೆ.

ಅದೇ ಹೊತ್ತಿಗೆ ಬಕೆಟ್ ತಂದು ತಿಕ್ಕಿ ತೊಳೆದೆ, ಕಲೆ ಮಾತ್ರ ಹೋಗಲಿಲ್ಲ. ಶೇಡಿಯ ಹೆಂಟೆಯನ್ನ ಮಾರನೇ ದಿನವೇ ಹಳ್ಳಕ್ಕೆ ಎಸೆದೆ. ಈಗ ಪ್ರತಿ ತಿಂಗಳೂ ಇಪ್ಪತ್ನಾಲ್ಕು ಬಾಗಿಲನ್ನೂ ತಟ್ಟಿ, ಕೂಗಿ, ಬಗ್ಗಿ ನೋಡಿ, ಆಮೇಲೇ ಸೀಮೆಸುಣ್ಣ ಮುಟ್ತೇನೆ. ಮೊಣಕಾಲು ಹೋದ್ರೆ ಹೋಗ್ಲಿ.

ರಾತ್ರಿ ಮಲಗಿದಾಗ ಉತ್ತರ ನಾಲಿಗೆ ತುದಿಯಲ್ಲೇ ಇಟ್ಕೊಂಡಿರ್ತೇನೆ. ತಟ್ಟಿದ ಕೂಡ್ಲೇ 'ಇದ್ದೇನೆ, ನಾನು ಇಲ್ಲೇ ಇದ್ದೇನೆ' ಅಂದುಬಿಡ್ಬೇಕು ಅಂತ. ತಿಂಗಳುಗಳೇ ಆದ್ವು. ಗಾಳಿಗೆ ಕಿಟಕಿ ಅಲ್ಲಾಡಿದ್ರೂ ಎದ್ದು ಕೂರ್ತೇನೆ.

ಯಾರೂ ತಟ್ಟೋದಿಲ್ಲ. ಕಾಮತ್ ಸರ್ ಹೇಳಿದ್ರಲ್ಲ, ಗೀಟು ಬಿದ್ದ ಬಾಗಿಲಿಗೆ ಎರಡನೇ ಸಲ ಯಾರೂ ಹೋಗೋದಿಲ್ಲ ಅಂತ.